‘ಕರಿ ನಾಗರಗಳು’ ಓದಿ, ‘ಹಸೀನಾ’ ನೋಡಿ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಕನ್ನಡಕ್ಕೆ ಬಂದ ಮೊದಲ ಬೂಕರ್ ಅದು. ಅದೂ ಹಾಸನದ ಒಬ್ಬ ವಕೀಲೆ, ನಮ್ಮ ಮನೆಗಳ ಒಳಗಿನ ಬದುಕನ್ನು ಬರೆದವರು. ಹೆಮ್ಮೆಪಟ್ಟ ನಮ್ಮಲ್ಲಿ ಅವರ ಕಥೆಗಳನ್ನು ಓದಿದವರೆಷ್ಟು ಮಂದಿ? ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ನ 12 ಕಥೆಗಳಲ್ಲಿ ಒಂದು ‘ಕರಿ ನಾಗರಗಳು’. ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿಯೇ ‘ಹಸೀನಾ’ ಚಿತ್ರ ಮಾಡಿದ್ದರು. ಹಸೀನಾಳ ಪಾತ್ರಕ್ಕೆ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡರ ಮೂಲ ಒಂದೇ. ಆಟೋ ಓಡಿಸುವ ಯಾಕೂಬ್‌ಗೆ ಗಂಡು ಮಗು ಬೇಕು. ಹೆಂಡತಿ ಹೆತ್ತದ್ದು ಹೆಣ್ಣುಮಕ್ಕಳನ್ನು. ಅವನು ಅವರನ್ನೆಲ್ಲ ಬಿಟ್ಟು ಹೋಗುತ್ತಾನೆ. ನ್ಯಾಯ ಕೇಳಲು ಅವಳು ಮಸೀದಿಯ ಮುತವಲ್ಲಿಯ ಬಳಿಗೆ ಹೋಗುತ್ತಾಳೆ. ಇವತ್ತು ನಾಳೆ ಎಂದು ಅಲೆಸಿದಾಗ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಎದುರೇ ಕೂರುತ್ತಾಳೆ.

ಮೊದಲ ವ್ಯತ್ಯಾಸ ಹೆಸರಿನಲ್ಲೇ ಇದೆ. ಕಥೆಯಲ್ಲಿ ಈ ತಾಯಿ ಆಶ್ರಫ್. ಆದರೆ ಕಥೆಯ ಹೆಸರು ಬಂದದ್ದು ಅವಳಿಂದಲ್ಲ, ಮೊಹಲ್ಲಾದ ಹೆಂಗಸರು ಮುತವಲ್ಲಿಗೆ ಹಾಕುವ ಶಾಪದಿಂದ. ಆಶ್ರಫ್‌ಳ ಕೂಸು ಉಳಿಯುವುದಿಲ್ಲ. ಆ ಸಾವಾದ ಮೇಲೆ ಮುತವಲ್ಲಿ ಬೀದಿಯಲ್ಲಿ ನಡೆದರೆ, ಅಲ್ಲಿಯವರೆಗೆ ಬಾಯಿ ತೆರೆಯದ ಹೆಂಗಸರು ಬಾಯಿ ತೆರೆಯುತ್ತಾರೆ. ಸಿನಿಮಾಕ್ಕಾದರೋ ನಾಯಕಿಯ ಹೆಸರೇ ಹೆಸರು. ಕಥೆ ಇಡೀ ಮೊಹಲ್ಲಾವನ್ನು ಎದುರಿಗಿಟ್ಟರೆ ಸಿನಿಮಾ ಒಬ್ಬ ಹೆಂಗಸಿನ ಕೈ ಹಿಡಿದು ನಮ್ಮನ್ನು ಕರೆದೊಯ್ಯುತ್ತದೆ.

ಸಿನಿಮಾ ಹಾಗೆ ಮಾಡಿದ್ದರಿಂದ ಲಾಭವೂ ಆಗಿದೆ. ಓದುವಾಗ ‘ಮಸೀದಿಯ ಎದುರು ಕೂತಳು’ ಎಂಬುದು ಒಂದು ವಾಕ್ಯ, ಕಣ್ಣು ಮುಂದಕ್ಕೆ ಓಡುತ್ತದೆ. ಪರದೆಯ ಮೇಲೆ ಆ ತಾಯಿಯೂ ಮಕ್ಕಳೂ ಕೂತಿರುವುದನ್ನು ನಾವೂ ಕೂತು ನೋಡಬೇಕು. ತಾರಾ ಅವರ ಮುಖ ನೋಡುತ್ತಾ ಕಾಯುವುದು ಎಂದರೇನೆಂದು ನನಗೆ ಅರ್ಥವಾಯಿತು. ಸ್ಕ್ಯಾನಿಂಗ್ ವಿಷಯವನ್ನೂ ಸಿನಿಮಾ ಮುಂದಕ್ಕೆ ತಂದಿದೆ. ಹೊಟ್ಟೆಯಲ್ಲಿರುವುದು ಮತ್ತೊಂದು ಹೆಣ್ಣು ಎಂದು ತಿಳಿದದ್ದೇ ಗಂಡ ದೂರವಾಗುತ್ತಾನೆ. ಭ್ರೂಣದ ಲಿಂಗ ಪತ್ತೆ ಮಾಡುವುದನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿದೆ. ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯಿಂದ ಬರುವ ಎಕ್ಸ್ ಅಥವಾ ವೈ ಕ್ರೋಮೋಸೋಮ್ ಎಂದು ನಾವು ಬಯಾಲಜಿಯಲ್ಲಿ ಓದಿದ್ದೇವೆ. ಆದರೂ ಬೈಗುಳ ತಿನ್ನುವವಳು ತಾಯಿ.

ಇಷ್ಟಾದರೂ ನನ್ನ ಓಟು ಕಥೆಗೇ. ಅದಕ್ಕೆ ಎರಡು ಕಾರಣಗಳಿವೆ.

ಒಂದು, ಮುತವಲ್ಲಿಯ ಹೆಂಡತಿ ಅಮೀನಾ. ಹೆರಿಗೆಯ ಮೇಲೆ ಹೆರಿಗೆ ಆಗಿ ಸೋತವಳು ಅವಳು. ಆಪರೇಷನ್ ಮಾಡಿಸಿಕೊಳ್ಳಲು ಗಂಡ ಒಪ್ಪುವುದಿಲ್ಲ. ಆಶ್ರಫ್‌ಗೆ ಆದದ್ದನ್ನು ನೋಡಿದ ಮೇಲೆ ಅವಳು ತಾನೇ ತೀರ್ಮಾನ ಮಾಡಿ ಹೊರಡುತ್ತಾಳೆ. ಕಥೆ ನನಗೆ ಇಷ್ಟವಾದದ್ದು ಇಲ್ಲಿ. ಬಡವಿಯೊಬ್ಬಳ ದುಃಖ ಅನುಕೂಲಸ್ಥೆಯ ಕಣ್ಣು ತೆರೆಸುತ್ತದೆ. ಆಶ್ರಫ್ ಸೋತಳು ಎಂದು ಮುಗಿಸಿದ್ದರೆ ನಾವು ‘ಪಾಪ’ ಎಂದು ಪುಸ್ತಕ ಮುಚ್ಚಿಡಬಹುದಿತ್ತು. ಅಮೀನಾ ಹಾಗೆ ಮುಚ್ಚಿಡಲು ಬಿಡುವುದಿಲ್ಲ.

ಎರಡು, ಜುಲೇಖಾ ಬೇಗಂ. ಆಶ್ರಫ್‌ಗೆ ಅವಳ ಹಕ್ಕುಗಳನ್ನು ತಿಳಿಸಿಕೊಡುವ ಓದಿದ ಹೆಂಗಸು. ಅವಳು ಧರ್ಮವನ್ನು ಬಿಟ್ಟು ಮಾತಾಡುವುದಿಲ್ಲ, ಧರ್ಮವನ್ನು ಓದಿಕೊಂಡು ಮಾತಾಡುತ್ತಾಳೆ. ಹೆಂಡತಿ ಮಕ್ಕಳ ಖರ್ಚು, ಅಂದರೆ ನಫಖಾ, ಗಂಡಸಿನ ಮೇಲಿನ ಹೊಣೆ. ಹೆಣ್ಣು ಹುಟ್ಟಿತೆಂದು ಮುಖ ಕಪ್ಪಿಡುವವರನ್ನು ಕುರ್‌ಆನ್ ಸೂರಃ ನಹ್ಲ್‌ನಲ್ಲಿ ಖಂಡಿಸಿದೆ. ಒಂದಕ್ಕಿಂತ ಹೆಚ್ಚು ಮದುವೆಯ ಮಾತು ಬಂದಲ್ಲೆಲ್ಲ ನ್ಯಾಯದ ಷರತ್ತು ಜೊತೆಗೇ ಇದೆ. ಯಾಕೂಬ್‌ಗೆ ಮದುವೆಯ ಅನುಮತಿ ನೆನಪಿದೆ, ಷರತ್ತು ನೆನಪಿಲ್ಲ. ಮುತವಲ್ಲಿಗೆ ಗೊತ್ತಿರಬೇಕಾದದ್ದು ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುವುದಿಲ್ಲ. ಹಾಗೆ ನೋಡಿದರೆ ಮುತವಲ್ಲಿ ಎಂದರೆ ವಕ್ಫ್ ಆಸ್ತಿಯನ್ನು ನೋಡಿಕೊಳ್ಳುವವರು. ಸಂಸಾರದ ನ್ಯಾಯ ತೀರಿಸುವ ಖಾಜಿಯ ಸ್ಥಾನ ಅದಲ್ಲ. ಕೇಳುವವರಿಲ್ಲದ ಕಡೆ ಆ ಕುರ್ಚಿ ತಾನಾಗಿ ದೊಡ್ಡದಾಗುತ್ತದೆ.

ಇಂಥ ಕಥೆ, ಇಂಥ ಸಿನಿಮಾ ನಮ್ಮ ಕಾಲೇಜಿನಲ್ಲಿ ಬೇಕೇ ಎಂದು ಕೆಲವರು ಕೇಳಬಹುದು. ಮನೆಯ ಮಾತನ್ನು ಬೀದಿಗೆ ತಂದಂತೆ, ಮೊದಲೇ ನಮ್ಮ ಬಗ್ಗೆ ಮಾತಾಡುವವರ ಬಾಯಿಗೆ ನಾವೇ ಅವಲಕ್ಕಿ ಹಾಕಿದಂತೆ ಎನ್ನುವ ಅಂಜಿಕೆ ಅದು. ಈ ಅಂಜಿಕೆ ಸುಳ್ಳಲ್ಲ. ಸಿನಿಮಾ ನೋಡಿ ‘ಅವರಲ್ಲಿ ಹೀಗೇ’ ಎಂದು ಎದ್ದು ಹೋಗುವವರು ಇದ್ದೇ ಇರುತ್ತಾರೆ. ಆದರೆ ಗಂಡು ಮಗುವಿನ ಆಸೆ ಒಂದು ಸಮುದಾಯದ ರೋಗವಾಗಿದ್ದರೆ ಸ್ಕ್ಯಾನಿಂಗ್ ವಿರುದ್ಧ ಇಡೀ ದೇಶಕ್ಕೆ ಕಾನೂನು ಯಾಕೆ ಬೇಕಾಗುತ್ತಿತ್ತು? ಹೊರಗಿನವರ ಬಾಯಿಗೆ ಹೆದರಿ ನಾವು ಸುಮ್ಮನಿದ್ದರೆ ಅದರ ಬೆಲೆ ತೆರುವವಳು ಆಶ್ರಫ್. ಅವಳಿಗೆ ನಮ್ಮ ಮರ್ಯಾದೆಯಿಂದ ಹೊಟ್ಟೆ ತುಂಬುವುದಿಲ್ಲ.

ಇನ್ನೊಂದು ಮಾತು. ಕಾಸರವಳ್ಳಿಯವರು ನಮ್ಮ ಸಮುದಾಯದವರಲ್ಲ, ಅವರಿಗೇನು ಗೊತ್ತು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಅವರು ಆರಿಸಿಕೊಂಡದ್ದು ನಮ್ಮವರೇ ಬರೆದ ಕಥೆಯನ್ನು. ಹಸೀನಾಳನ್ನು ಎಲ್ಲಿಯೂ ಹಗುರ ಮಾಡಿಲ್ಲ. ಅವಳು ಹಟ ಹಿಡಿದು ಹೋಗುವುದು ಮಸೀದಿಯ ಬಳಿಗೇ. ಅಲ್ಲಿ ನ್ಯಾಯ ಸಿಗಲೇಬೇಕು ಎಂಬ ನಂಬಿಕೆ ಅವಳಿಗಿದೆ. ನಂಬಿಕೆ ಇಲ್ಲದವಳು ಅಲ್ಲಿಗೆ ಯಾಕೆ ಹೋಗುತ್ತಿದ್ದಳು?

ಜುಲೇಖಾ ಬೇಗಂಳಂತೆ ನಾವೂ ತಿಳಿದುಕೊಳ್ಳಬೇಕಾದ ಒಂದು ವಿಷಯವಿದೆ. ಗಂಡ ಬಿಟ್ಟುಹೋದರೆ ಹೆಂಡತಿ, ಮಕ್ಕಳು ಜೀವನಾಂಶಕ್ಕಾಗಿ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕಬಹುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 125ನೇ ಸೆಕ್ಷನ್, 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೇ ಸೆಕ್ಷನ್. ನಮ್ಮ ಅಕ್ಕತಂಗಿಯರಿಗೆ, ಅಮ್ಮಂದಿರಿಗೆ ಇದನ್ನು ಹೇಳಲು ಪಿಯುಸಿ ಓದು ಸಾಕು.

ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಕನ್ನಡ ಸಂಘದಿಂದ ಒಂದು ಶನಿವಾರ ‘ಹಸೀನಾ’ ತೋರಿಸಿ. ಅದಕ್ಕೆ ಮೊದಲು ಕಥೆಯನ್ನು ತರಗತಿಯಲ್ಲಿ ಓದಿಸಿ. ನೋಡಿದ ಮೇಲೆ ಚರ್ಚೆಗೆ ಒಂದು ಗಂಟೆ ಕೊಡಿ, ದೀನಿಯಾತ್ ಕಲಿಸುವ ಉಸ್ತಾದರನ್ನೂ ಕರೆಯಿರಿ. ಹುಡುಗಿಯರು ಮಾತ್ರ ಕೂತು ನೋಡುವ ಸಿನಿಮಾ ಇದಲ್ಲ. ಮುಂದೆ ಗಂಡಂದಿರು, ಅಪ್ಪಂದಿರು, ಜಮಾತಿನ ಸದಸ್ಯರು ಆಗುವ ಹುಡುಗರು ಮುಂದಿನ ಸಾಲಿನಲ್ಲಿ ಕೂರಲಿ.