ಹೂವು ಚಂದ ಐತಿ, ನೀರು ಎಲ್ಲೈತಿ?

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲೂ ಕೆರೆ ತುಂಬುತ್ತವೆ. ಚನ್ನಗಿರಿಯವರು ಸೂಳೆಕೆರೆ ಹಾಕುತ್ತಾರೆ, ಹೊನ್ನಾಳಿಯವರು ತುಂಗಭದ್ರೆಯ ದಡದ ಜೊಂಡು ಹಾಕುತ್ತಾರೆ. ನ್ಯಾಮತಿ ಕಡೆಯಿಂದ ನೀರು ನಿಲ್ಲಿಸಿದ ಗದ್ದೆಯಲ್ಲಿ ಅಡಿಕೆ ಮರಗಳ ನೆರಳು ಬರುತ್ತದೆ. ಜಗಳೂರಿನವರಿಗಂತೂ ಕೆರೆಯಲ್ಲಿ ನೀರು ನಿಂತರೆ ಅದೇ ಹಬ್ಬ. ಮೇಲೊಂದು ತಾವರೆ, ನೀರೊಳಗೆ ತಲೆಕೆಳಗಾದ ಇನ್ನೊಂದು ತಾವರೆ. ನಾವೂ ಇಂಥ ಫೋಟೊ ತೆಗೆಯುತ್ತೇವೆ, ಲೈಕ್ ಎಣಿಸುತ್ತೇವೆ.

ಒಮ್ಮೆ ಒಂದು ಕೆರೆಯ ಏರಿ ಮೇಲೆ ನಿಂತು ನೇರಳೆ ಹೂವಿನ ಫೋಟೊ ತೆಗೆದೆವು. ಕಣ್ಣು ಹಾಯುವಷ್ಟೂ ಹೂವು. ಅಂಚಿನಲ್ಲಿದ್ದ ಪ್ಲಾಸ್ಟಿಕ್ ಚೀಲಗಳನ್ನು ಕ್ರಾಪ್ ಮಾಡಿದೆವು. ಪಕ್ಕದಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜನಿಗೆ ಫೋಟೊ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: ‘ಹೂವು ಚಂದ ಐತ್ರಪ್ಪಾ, ನೀರು ಎಲ್ಲೈತಿ?’

ಆ ಹೂವು ನಾವು ಅಂತರಗಂಗೆ ಎಂದೇ ಕರೆದುಬಿಡುವ ವಾಟರ್ ಹಯಸಿಂತ್. ದಕ್ಷಿಣ ಅಮೆರಿಕದಿಂದ ಬಂದ ಕಳೆ ಇದು. ಊರ ಚರಂಡಿ ನೀರು, ಹೊಲದ ಗೊಬ್ಬರದ ಸಾರ ಕೆರೆಗೆ ಸೇರಿದರೆ ಎರಡು ವಾರದೊಳಗೆ ಎರಡರಷ್ಟಾಗಬಲ್ಲದು. ನೀರಿನ ಮೇಲೆ ಹಾಸಿಗೆಯಂತೆ ಹರಡಿ ಬಿಸಿಲನ್ನೂ ಗಾಳಿಯನ್ನೂ ತಡೆಯುತ್ತದೆ. ಕೆಳಗೆ ಮೀನಿಗೆ ಉಸಿರು ಸಾಲುವುದಿಲ್ಲ. ಅಲ್ಲಿ ಬಿಂಬವೂ ಇರುವುದಿಲ್ಲ. ಬಿಂಬ ಮೂಡಲು ತೆರೆದ ನೀರು ಬೇಕು.

ಅದಕ್ಕೇ ನಮ್ಮ ಅಭಿಪ್ರಾಯ ಇಷ್ಟು: ಕೆರೆಯ ಗಿಡ ಮತ್ತು ಅದರ ಬಿಂಬದ ಫೋಟೊವನ್ನು ಚೆನ್ನಾಗಿ ತೆಗೆಯಲು ಕಲಿಯೋಣ. ಆದರೆ ಚಂದಕ್ಕಾಗಿ ಕೆರೆಯ ನಿಜವನ್ನು ಕತ್ತರಿಸುವುದು ಬೇಡ.

ಚೆನ್ನಾಗಿ ತೆಗೆಯಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಬೆಳಗ್ಗೆ ಗಾಳಿ ಏಳುವ ಮೊದಲು ಹೋಗಿ. ಲೆನ್ಸ್ ಒರೆಸಿ. ಫೋನನ್ನು ತಲೆಕೆಳಗೆ ಹಿಡಿದರೆ ಲೆನ್ಸ್ ನೀರಿನ ಹತ್ತಿರ ಬರುತ್ತದೆ. ನೀರನ್ನು ನೇರ ಮೇಲಿಂದ ನೋಡಿದಾಗ ನೂರರಲ್ಲಿ ಸುಮಾರು 2 ಪಾಲು ಬೆಳಕು ಮಾತ್ರ ತಿರುಗಿ ಬರುತ್ತದೆ. ತಗ್ಗಿನಿಂದ ಓರೆಯಾಗಿ ನೋಡಿದಷ್ಟೂ ಬಿಂಬ ಗಟ್ಟಿಯಾಗುತ್ತದೆ. ಬಿಂಬ ಯಾವಾಗಲೂ ಗಿಡಕ್ಕಿಂತ ಸ್ವಲ್ಪ ಮಬ್ಬು. ಹಾಗಾಗಿ ಪರದೆಯಲ್ಲಿ ಬೆಳಕಿರುವ ಹೂವಿನ ಮೇಲೆ ಬೆರಳೊತ್ತಿ, ಹೊಳಪನ್ನು ಸ್ವಲ್ಪ ಇಳಿಸಿ. ಗಿಡ ಮತ್ತು ಬಿಂಬ ಎರಡೂ ಸಮ ಬೇಕೆಂದರೆ ನೀರಿನ ಗೆರೆ ನಡುವೆ ಇರಲಿ. ಬಿಂಬವೇ ಮುಖ್ಯವೆಂದರೆ ಗೆರೆಯನ್ನು ಮೇಲಕ್ಕೆ ಒಯ್ಯಿರಿ. ಆಪಿನ ಕದಿರು ಮೇಲೆ ಪೂರ್ತಿ ಇದ್ದು ಕೆಳಗೆ ಬಿಂಬದ ತುದಿ ಕತ್ತರಿಸಿದರೆ ಚಿತ್ರ ಕುಂಟುತ್ತದೆ.

ಇನ್ನೊಂದು ಸ್ವಾರಸ್ಯ ಗಮನಿಸಿ. ಬಿಂಬವೆಂದರೆ ಗಿಡದ ನಕಲು ಅಲ್ಲ. ನೀರಿನ ಕೆಳಗಿನಿಂದ ಕಣ್ಣು ಹಾಯಿಸಿದರೆ ಕಾಣುವ ನೋಟ ಅದು. ತಾವರೆ ಎಲೆಯ ಅಡಿಭಾಗ ನಮಗೆ ನೇರ ಕಾಣದಿದ್ದರೂ ಬಿಂಬದಲ್ಲಿ ಕಾಣುತ್ತದೆ. ಕೆರೆ ನಮಗೆ ಮರೆಯಾದದ್ದನ್ನೂ ತೋರಿಸುತ್ತದೆ. ನಾವು ಮಾತ್ರ ಎದುರಿಗಿರುವುದನ್ನೇ ಮರೆಮಾಡುತ್ತೇವೆ.

ಹಾಗಂತ ಬಿಂಬ ಕಂಡರೆ ಕೆರೆ ಆರೋಗ್ಯವಾಗಿದೆ ಎಂದಲ್ಲ. ಕೊಳಚೆ ನೀರಿನಲ್ಲೂ ಆಕಾಶ ಕಾಣುತ್ತದೆ. ಗಿಡವೆಲ್ಲ ಕಳೆಯೂ ಅಲ್ಲ. ನೈದಿಲೆ, ಆಪು, ಜೊಂಡು ಮೀನಿಗೂ ಹಕ್ಕಿಗೂ ಆಸರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಲ್ಲಿ ನೀರೊಳಗೆ ನಿಂತ ಜಾಲಿ ಮರಗಳ ಮೇಲೆಯೇ ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿ ಸೇರಿತು. ಯಾವುದು ಆಸರೆ, ಯಾವುದು ಹೊರೆ ಎಂದು ನೋಡಿ ತಿಳಿಯುವುದೂ ಫೋಟೊ ತೆಗೆಯುವವರ ಕೆಲಸ.

ಹಾಗಾದರೆ ಏನು ಮಾಡೋಣ? ನಿಮ್ಮೂರ ಕೆರೆಯಲ್ಲಿ ಒಂದು ಜಾಗ ಗೊತ್ತುಮಾಡಿಕೊಳ್ಳಿ. ತೂಬು, ಕೋಡಿ, ದಡದ ಗುಡಿ, ಹೀಗೆ ಕದಲದ ಒಂದು ಗುರುತು ಚಿತ್ರದಲ್ಲಿರಲಿ. ಪ್ರತಿ ತಿಂಗಳು ಅಲ್ಲೇ ನಿಂತು ಎರಡು ಫೋಟೊ ತೆಗೆಯಿರಿ. ಒಂದು ಚಂದದ್ದು, ಇನ್ನೊಂದು ಅಂಚು ಕತ್ತರಿಸದೆ ಇಡೀ ಕೆರೆಯದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಫೋಟೊ ಸಣ್ಣದಾಗಿ ದಿನಾಂಕದ ವಿವರ ಅಳಿಯುತ್ತದೆ, ಮೂಲ ಪ್ರತಿ ಫೋನಿನಲ್ಲೇ ಉಳಿಯಲಿ. ಗೂಡುಗಳ ಹತ್ತಿರ ಹೋಗಬೇಡಿ. ಕಳೆ ಮುಚ್ಚಿದ ಕಡೆ ಹೂಳೆಷ್ಟು, ಆಳವೆಷ್ಟು ತಿಳಿಯದು, ನೀರಿಗೆ ಇಳಿಯಬೇಡಿ.

ವರ್ಷ ಕಳೆದರೆ ಇಡೀ ಕೆರೆಯ 12 ಫೋಟೊಗಳ ಸಾಲು ಸಿಗುತ್ತದೆ. ತೆರೆದ ನೀರು ಎಷ್ಟು ಕುಗ್ಗಿತು, ಮಣ್ಣು ಎಲ್ಲಿ ಬಿತ್ತು, ಚರಂಡಿ ಎಲ್ಲಿ ಸೇರಿತು ಎಂದು ಗ್ರಾಮಸಭೆಯಲ್ಲಿ ಯಾರಾದರೂ ನೋಡಿ ಹೇಳಬಹುದು. ಒತ್ತುವರಿ ತೀರ್ಮಾನವಾಗುವುದು ಸರ್ವೆಯಿಂದಲೇ, ನಿಜ. ಆದರೆ ಸರ್ವೆ ಮಾಡಿ ಎಂದು ಕೇಳಲು ಕೈಯಲ್ಲಿ ಏನಾದರೂ ಬೇಕು. ಕೆರೆ ಒತ್ತುವರಿ ಮಾಡಬಾರದು, ಕಸ ಸುರಿಯಬಾರದು ಎಂದು 2014ರ ಕೆರೆ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆಗೆ ಕಣ್ಣಿಲ್ಲ. ಕಣ್ಣು ನಾವಾಗಬೇಕು.

ಸೂಳೆಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂದು ಜನ ಇಂದಿಗೂ ನೆನೆಯುತ್ತಾರೆ. ಶತಮಾನಗಳು ಕಳೆದರೂ ಸಿದ್ಧ ತೂಬು, ಬಸವ ತೂಬಿನ ನೀರಿಗೆ ಗದ್ದೆಗಳು ಕಾಯುತ್ತವೆ. ಜಗಳೂರಿನ ಜನ 57 ಕೆರೆಗೆ ತುಂಗಭದ್ರೆಯ ನೀರು ಬರಲೆಂದು ವರ್ಷಗಟ್ಟಲೆ ಕಾದರು. ಒಬ್ಬರಿಗೆ ಹಿರಿಯರು ಬಿಟ್ಟುಹೋದ ನೀರು, ಇನ್ನೊಬ್ಬರಿಗೆ ಕಾದು ಪಡೆಯುವ ನೀರು. ಎರಡನ್ನೂ ಬರೀ ಸ್ಟೇಟಸ್‌ಗೆ ಬಳಸಿದರೆ 24 ಗಂಟೆಯಲ್ಲಿ ಅಳಿಸಿಹೋಗುತ್ತದೆ.

ಅಜ್ಜನ ಪ್ರಶ್ನೆಗೆ ಅವತ್ತು ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಫೋಟೊ ಕಳಿಸುವ ಮೊದಲು ಅದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ. ನೀವೂ ಕೇಳಿಕೊಳ್ಳಿ.