ಅಜ್ಜಿಯ ತವರೂರು ಯಾವುದು?

2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಕಾಳಗದಲ್ಲಿ ಮಡಿದ ಕಿತ್ತಯ್ಯನ ಹೆಸರು ಇಷ್ಟು ಶತಮಾನ ದಾಟಿ ನಮ್ಮ ಕೈಸೇರಿತು. ಅದೇ ಹೆಬ್ಬಾಳಕ್ಕೆ ಅರವತ್ತು ವರ್ಷದ ಹಿಂದೆ ಸೊಸೆಯಾಗಿ ಬಂದವರ ತವರೂರು ಯಾವುದೆಂದು ಮೊಮ್ಮಕ್ಕಳನ್ನು ಕೇಳಿ ನೋಡಿ, ಅನೇಕರಿಗೆ ಗೊತ್ತಿಲ್ಲ.

ಯಲಹಂಕ, ಜಕ್ಕೂರು, ಅಮೃತಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಮನೆತನದ ಚರಿತ್ರೆ ಎಂದರೆ ಬಹುಪಾಲು ವಂಶವೃಕ್ಷದ ಕಾಗದ. ಪೌತಿ ಖಾತೆಗೋ ಜಮೀನಿನ ಪರಿಹಾರಕ್ಕೋ ಮಾಡಿಸಿದ್ದು. ಅದರಲ್ಲಿ ವಾರಸುದಾರರು ಇರುತ್ತಾರೆ. ಹೆಂಗಸರ ಹೆಸರಿನ ಮುಂದೆ ‘ಹೆಂಡತಿ’ ಎಂದಿರುತ್ತದೆ, ಅಲ್ಲಿಗೆ ಮುಗಿಯಿತು. ಸುಗ್ಗಿ ಮುಗಿದ ಮೇಲೆ ಮನೆಬಾಗಿಲಿಗೆ ಬಂದು ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸ ಪಡೆದು ಹೋಗುತ್ತಿದ್ದ ಹೆಳವರ ನೆನಪು ದೊಡ್ಡದು, ನಿಜ. ಆದರೆ ಅವರೂ ಹಿಡಿದದ್ದು ಮುಖ್ಯವಾಗಿ ಗಂಡುಮಕ್ಕಳ ಎಳೆಯನ್ನೇ.

ಯಲಹಂಕದ ಓದುಗರೊಬ್ಬರು ತಮ್ಮ ಅಜ್ಜಿಯ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಾರೆ. “ನಿನ್ನ ಕಥೆ ಹೇಳಜ್ಜಿ” ಎಂದರೆ, “ನಂದೇನೈತವ್ವಾ ಯೋಳಾಕೆ, ನಿಮ್ ತಾತನ್ನ ಕೇಳ್ಬೇಕಿತ್ತು” ಎನ್ನುವ ಉತ್ತರ. ಆಮೇಲೆ ಹುಡುಗಿ, “ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರ್ತಿದ್ದೆ?” ಎಂದು ಕೇಳಿದ್ದಾಳೆ. ಅಲ್ಲಿಂದ ಮಾತು ನಿಲ್ಲುವುದೇ ಇಲ್ಲ. ಕಪಿಲೆ ಬಾವಿ, ಕೋಡಿ ಕೆಳಗಿನ ಗದ್ದೆ, ಹಿಂದೂಪುರದ ಕಡೆಯಿಂದ ಬರೀ ತೆಲುಗು ಕಲಿತು ಬಂದವಳಿಗೆ ಕನ್ನಡ ಕಲಿಸಿದ ನಾದಿನಿ, ಬಾಣಂತನಕ್ಕೆ ತವರಿಗೆ ಹೋದ ಎತ್ತಿನಗಾಡಿ. ಆ ಬಾವಿಯ ಹತ್ತಿರ ಯಾರನ್ನು ಬಿಡುತ್ತಿರಲಿಲ್ಲ, ಅವರು ಕೊಡ ಕೆಳಗಿಟ್ಟು ಎಷ್ಟು ಹೊತ್ತು ಕಾಯುತ್ತಿದ್ದರು ಎನ್ನುವುದನ್ನೂ ಅಜ್ಜಿ ಹೇಳಿದ್ದಾರೆ. ಮೊಮ್ಮಗಳು ಅದನ್ನು ತೆಗೆದುಹಾಕಿಲ್ಲ. ತೆಗೆಯಲೂಬಾರದು. ನಮ್ಮ ಮನೆತನದ ಹೆಮ್ಮೆಯನ್ನಷ್ಟೇ ಉಳಿಸಿಕೊಂಡರೆ ಅದು ಚರಿತ್ರೆಯಲ್ಲ, ಸನ್ಮಾನಪತ್ರ.

ಹಿರಿಯರನ್ನು ಮಾತಾಡಿಸುವವರಿಗೆ ನಮ್ಮದೊಂದು ಕೋರಿಕೆ. ಇಸವಿ ಕೇಳಬೇಡಿ, ಯಾವ ಬರ, ಯಾರ ಮದುವೆ, ಕೆರೆ ಕೋಡಿ ಬಿದ್ದ ಯಾವ ಮಳೆಗಾಲ ಎಂದು ಕೇಳಿ. ಹೊಲಗಳ ಹೆಸರು ಕೇಳಿ, ಪಹಣಿಯಲ್ಲಿ ಸರ್ವೆ ನಂಬರ್ ಮಾತ್ರ ಸಿಗುತ್ತದೆ. ನಡುವೆ ಬಾಯಿ ಹಾಕಬೇಡಿ. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಯಾರ ಮುಂದೆ ಏನು ಹೇಳಬಹುದೆಂದು ಅವರನ್ನೇ ಕೇಳಿ. ಬೇಡವೆಂದದ್ದು ಮನೆಯೊಳಗೇ ಇರಲಿ.

ಮುಂದಿನ ಸಂಚಿಕೆಯಿಂದ ಇಂಥ ಮಾತುಕತೆಗಳಿಗೆ ಪ್ರತಿ ತಿಂಗಳೂ ನಾಲ್ಕು ಪುಟ ಮೀಸಲಿಡುತ್ತಿದ್ದೇವೆ. ಬರೆದು ಕಳಿಸುವಾಗ ಮಾತಾಡಿದವರ ಊರಿನ ಜೊತೆಗೆ ಅವರ ತಾಯಿಯ ಊರನ್ನೂ ಬರೆಯಿರಿ.