ಕೆಂಪು ದೀಪ, ಹಳದಿ ದೀಪ

ಮಗುವು ಅತ್ತಾಗ ಅದು ಹಸಿವಿನ ಅಳುವೋ, ಹೊಟ್ಟೆನೋವಿನ ಅಳುವೋ ಎಂಬುದನ್ನು ತಾಯಿಯಾದವಳು ದನಿಯಿಂದಲೇ ಅರಿಯಬಲ್ಲಳು. ಬಾಯಿಲ್ಲದ ಯಂತ್ರವು ತನ್ನ ಸಂಕಟವನ್ನು ದೀಪಗಳ ಮೂಲಕ ತೋಡಿಕೊಳ್ಳುತ್ತದೆ. ಆ ಭಾಷೆಯನ್ನು ನಾವು ಕಲಿಯದಿದ್ದರೆ ದೋಷವು ಯಂತ್ರದ್ದಲ್ಲ.

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿರುವ ಉದ್ದನಪಲ್ಲಿಯಲ್ಲಿ ನಮ್ಮ ಬಂಧುಗಳದೊಂದು ಒಕ್ಕಲು ಮನೆಯುಂಟು. ಟೊಮೆಟೊ ಬೆಳೆದ ಹಣದಲ್ಲಿ ಅವರೊಂದು ಕಾರನ್ನು ಕೊಂಡರು. ಅದನ್ನು ರಾಗಿ ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸುವುದು ವಾಡಿಕೆ. ಒಂದು ಬೆಳಿಗ್ಗೆ ಮನೆಯ ಹಿರಿಯರನ್ನು ಹೊಸೂರಿನ ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದಾಗ ಎಂಜಿನ್ನಿನ ಆಕಾರದ ಹಳದಿ ದೀಪವು ಹತ್ತಿತು. ಮಗನು ಗಾಬರಿಯಿಂದ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದನು. ಬಿಸಿಲಿನಲ್ಲಿ ಎರಡು ಗಂಟೆ ಕಾದ ಮೇಲೆ ಬಂದ ಮೆಕ್ಯಾನಿಕ್, ಇಲಿ ಕಡಿದ ತಂತಿಯೊಂದನ್ನು ತೋರಿಸಿ, "ಇಷ್ಟಕ್ಕೆ ನಿಲ್ಲಿಸಬೇಕಾಗಿರಲಿಲ್ಲ ಸ್ವಾಮಿ, ಮೆಲ್ಲಗೆ ಬರಬಹುದಾಗಿತ್ತು" ಎಂದನು. ವೈದ್ಯರ ಭೇಟಿಯು ಆ ದಿನ ತಪ್ಪಿಹೋಯಿತು.

ಮಗನು ಪಾಠವನ್ನು ಕಲಿತನು; ಆದರೆ ತಪ್ಪು ಪಾಠವನ್ನು. ಕೆಲವು ತಿಂಗಳ ತರುವಾಯ ಹೊಲದ ದಾರಿಯ ಕಲ್ಲೊಂದು ಕಾರಿನ ಅಡಿಗೆ ಬಡಿಯಿತು. ಸ್ವಲ್ಪ ದೂರದಲ್ಲಿಯೇ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪವು ಹತ್ತಿತು. "ದೀಪ ತಾನೆ, ಮನೆಗೆ ಹೋಗಿ ನೋಡೋಣ" ಎಂದು ಅವನು ಮುಂದುವರಿದನು. ಮನೆ ಸೇರುವ ಮೊದಲೇ ಎಂಜಿನ್ ಬಿಗಿದು ನಿಂತಿತು. ಒಂದು ಬೆಳೆಯ ಆದಾಯವೆಲ್ಲವೂ ಅದರ ದುರಸ್ತಿಗೆ ಸಂದಿತು.

ಈ ಎರಡು ದೀಪಗಳಿಗೂ ಇರುವ ಅಂತರವೇನು? ಎಂಜಿನ್ನಿನೊಳಗೆ ತಿರುಗುವ ಲೋಹದ ಭಾಗಗಳ ನಡುವೆ ಆಯಿಲಿನ ತೆಳುವಾದ ಪೊರೆಯೊಂದು ಸದಾ ಇರಬೇಕು. ಒತ್ತಡವು ಕುಸಿದರೆ ಆ ಪೊರೆಯು ಹರಿದು ಲೋಹವು ಲೋಹಕ್ಕೆ ಉಜ್ಜುತ್ತದೆ. ಅನಂತರ ಉಳಿಯುವ ಕಾಲಾವಕಾಶವು ಕೆಲವೇ ನಿಮಿಷಗಳದು. ಆದ್ದರಿಂದ ಆ ಕೆಂಪು ದೀಪವನ್ನು ಕಂಡೊಡನೆ ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ ಎಂಜಿನ್ನನ್ನು ಆರಿಸತಕ್ಕದ್ದು. ಉಷ್ಣತೆಯ ಕೆಂಪು ದೀಪಕ್ಕೂ ಇದೇ ನಿಯಮ. ಆದರೆ ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿಯನ್ನು ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳವನ್ನು ತೆಗೆದೊಡನೆ ಉಕ್ಕಿ ಮುಖವನ್ನು ಸುಡುತ್ತದೆ. ಬ್ರೇಕಿನ ಕೆಂಪು ದೀಪವು ಹತ್ತಿದರೆ ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ಎಂದು ಮೊದಲು ನೋಡಬೇಕು. ಬಿಟ್ಟಿದ್ದರೂ ದೀಪವು ಆರದಿದ್ದರೆ ಬ್ರೇಕ್ ಆಯಿಲ್ ಇಳಿದಿರಬಹುದು, ಮುಂದೆ ಹೋಗಲಾಗದು. ಬ್ಯಾಟರಿಯ ದೀಪವು ವಿದ್ಯುತ್ತು ತುಂಬುತ್ತಿಲ್ಲವೆಂಬುದರ ಸೂಚನೆ. ಬೆಲ್ಟ್ ಹರಿದಿದ್ದರೆ, ಅನೇಕ ವಾಹನಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದರಿಂದ, ಎಂಜಿನ್ ಕಾಯತೊಡಗುತ್ತದೆ.

ಇನ್ನು ಹಳದಿ ದೀಪ. ಹೊಗೆಯಿಂದಾಗುವ ಮಾಲಿನ್ಯವನ್ನು ತಡೆಯಲೆಂದು ಹುಟ್ಟಿದ ಏರ್ಪಾಡು ಇದು. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳೆಲ್ಲಕ್ಕೂ ಒಂದೇ ಬಗೆಯ ತಪಾಸಣಾ ಪದ್ಧತಿಯು ಕಡ್ಡಾಯವಾಯಿತು. ನಮ್ಮ ದೇಶಕ್ಕೂ ಅದು ಭಾರತ್ ಸ್ಟೇಜ್ ನಿಯಮಗಳ ಮೂಲಕ ಬಂದಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಜಾರಿಯಲ್ಲಿದೆ. ಎಂಜಿನ್ನಿನ ಕಂಪ್ಯೂಟರು ತಾನು ಕಂಡ ದೋಷವನ್ನು ಸಂಕೇತವಾಗಿ ಬರೆದಿಡುತ್ತದೆ. ಪಿ0300 ಎಂದರೆ ಸಿಲಿಂಡರುಗಳಲ್ಲಿ ಇಂಧನವು ಸರಿಯಾಗಿ ಉರಿಯುತ್ತಿಲ್ಲವೆಂದರ್ಥ. ಆದರೆ ಸಂಕೇತವು ರೋಗಲಕ್ಷಣವನ್ನು ಹೇಳುವುದೇ ಹೊರತು ರೋಗದ ಮೂಲವನ್ನಲ್ಲ. ಉದ್ದನಪಲ್ಲಿಯ ಕಾರಿನ ಸಂಕೇತವು ಆಕ್ಸಿಜನ್ ಸೆನ್ಸರಿನತ್ತ ಬೆರಳು ಮಾಡಿತ್ತು. ಕೆಟ್ಟಿದ್ದುದು ಅದರ ತಂತಿ. ಸಂಕೇತವೊಂದನ್ನೇ ನಂಬಿದ್ದರೆ ಹೊಸ ಸೆನ್ಸರಿಗೆ ಹಣ ತೆರಬೇಕಾಗುತ್ತಿತ್ತು.

ಹಳದಿ ದೀಪವು ಸ್ಥಿರವಾಗಿ ಉರಿಯುತ್ತ, ಎಂಜಿನ್ನಿನ ದನಿಯೂ ಎಳೆತವೂ ಎಂದಿನಂತೆಯೇ ಇದ್ದರೆ, ಮೆಲ್ಲಗೆ ಸಾಗಿ ಒಂದೆರಡು ದಿನಗಳಲ್ಲಿ ತೋರಿಸಿದರಾಯಿತು. ಅದೇ ದೀಪವು ಮಿನುಗುತ್ತ, ಎಂಜಿನ್ ನಡುಗುತ್ತಿದ್ದರೆ ಮಾತು ಬೇರೆ. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅಲ್ಲಿ ಉರಿದು, ಆ ಬೆಲೆಬಾಳುವ ಭಾಗವನ್ನು ಕೆಡಿಸುತ್ತದೆ. ಆಗ ವೇಗವನ್ನು ತಗ್ಗಿಸಿ, ಸಾಧ್ಯವಾದಷ್ಟು ಬೇಗ ನಿಲ್ಲಿಸುವುದೇ ಲೇಸು.

ಬೀಗದ ಕೈಯನ್ನು ತಿರುಗಿಸಿದೊಡನೆ ಈ ಎಚ್ಚರಿಕೆಯ ದೀಪಗಳು ಒಮ್ಮೆ ಹತ್ತಿ, ಎಂಜಿನ್ ಚಾಲೂ ಆದ ಬಳಿಕ ಆರುವುದು ಸರಿಯಾದ ಕ್ರಮ. ಆಗ ಹತ್ತದ ದೀಪವು ಆಪತ್ತಿನಲ್ಲಿಯೂ ಹತ್ತಲಾರದು. ವಾರಕ್ಕೊಮ್ಮೆ ಎಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿಯನ್ನೂ ನೀರಿನ ಮಟ್ಟವನ್ನೂ ನೋಡುವುದು ಒಳ್ಳೆಯ ಅಭ್ಯಾಸ.

ವಾಹನದೊಡನೆ ಕೊಡುವ ಪುಸ್ತಿಕೆಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಮನೆಯ ಹಿರಿಯರೂ ಹೆಂಗಸರೂ ಅದನ್ನು ತೆರೆಯುವುದಿಲ್ಲ. ಉದ್ದನಪಲ್ಲಿಯ ಆ ಮನೆಯವರು ಈಗ ಸ್ಟಿಯರಿಂಗಿನ ಬಳಿ ಕನ್ನಡದ ಚೀಟಿಯೊಂದನ್ನು ಅಂಟಿಸಿದ್ದಾರೆ. ಬರೆದವರು ಅಂದು ಬಿಸಿಲಿನಲ್ಲಿ ಕಾದ ಹಿರಿಯರೇ: "ಕೆಂಪಾದರೆ ನಿಲ್ಲು. ಹಳದಿಯಾದರೆ ಮೆಲ್ಲಗೆ ಹೋಗಿ ತೋರಿಸು. ಹಳದಿ ಮಿನುಗಿದರೆ ಅದೂ ಕೆಂಪೇ." ಕಾರು ನಿಲ್ಲುವ ಸ್ಥಳವೂ ಬಣವೆಯಿಂದ ದೂರ ಸರಿದಿದೆ.